ಯಾರ ಫೋನಿಗೆ ಕೀಲಿ?

ಇಂಟರ್ನೆಟ್ ಸಂಪರ್ಕ ಕೊಡಲು ತಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರರ ಮನೆಗೆ ಹೋಗಿದ್ದೆ. ಕೆಲಸ ಮುಗಿಯುತ್ತಿದ್ದಂತೆ ಯಜಮಾನರು ಕಾಲೇಜಿಗೆ ಹೋಗುವ ಮಗಳ ಫೋನನ್ನು ತಂದು ನನ್ನ ಕೈಗಿಟ್ಟರು.

“ಇದಕ್ಕೊಂದು ಕೀಲಿ ಹಾಕ್ರಿ. ಬ್ಯಾಡಾದ್ದೆಲ್ಲ ನೋಡಿ ಹುಡುಗರ ತಲಿ ಕೆಡಾಕತ್ತೈತಿ.”

ಬಾಗಿಲಲ್ಲಿ ನಿಂತಿದ್ದ ಮಗಳು ಶಾಂತವಾಗಿಯೇ ಹೇಳಿದಳು: “ಹಾಕ್ರಿ ಕಾಕಾ. ಆದ್ರ ಮೊದಲ ನಮ್ಮಜ್ಜನ ಫೋನಿಗೆ ಹಾಕ್ರಿ. ಮಣೂಕ ತಿಂದ್ರ ಶುಗರ್ ಹೋಗತೈತಂತ ವಿಡಿಯೋ ನೋಡಿ, ಗುಳಿಗಿ ಬಿಟ್ಟು ಕುಂತಾನ.”

ಹೊರಸಿನ ಮೇಲಿದ್ದ ಅಜ್ಜ ಬಾಯಲ್ಲಿದ್ದ ಮಣೂಕವನ್ನು, ಅಂದರೆ ಒಣದ್ರಾಕ್ಷಿಯನ್ನು, ನಿಧಾನವಾಗಿ ಜಗಿದು ನುಂಗಿದ. “ಹೇಳಿದಾವ ಬಿಳಿ ಕೋಟ್ ಹಾಕ್ಕೊಂಡಾನ್ರಿ. ನಾ ಹುಡುಕಿ ನೋಡಿದ್ದಲ್ಲ, ನನ್ನ ಮಗನೇ ಕಳಿಸ್ಯಾನ.”

ನಾನು ಯಜಮಾನರ ಮುಖ ನೋಡಿದೆ.

“ನಮ್ಮ ಮಾಲಿನ ಬಗ್ಗೆ ಚಲೋ ಹೇಳ್ಯಾನಲ್ರಿ,” ಎಂದರು ಅವರು. “ಊರಿಗೆಲ್ಲ ಕಳಿಸೀನಿ. ಮನ್ಯಾಗಿನವರೇ ನಂಬತಾರಂತ ನನಗೇನ ಗೊತ್ತು?”

“ಹಂಗಾರ ಮೂರೂ ಫೋನು ಕೊಡ್ರಿ,” ಎಂದೆ.

ಅಜ್ಜ ತನ್ನ ಫೋನನ್ನು ತಲೆದಿಂಬಿನಡಿ ಸರಿಸಿ, ಮೊಮ್ಮಗಳತ್ತ ಕೈ ಚಾಚಿದ. “ಗುಳಿಗಿ ತಾ ಬೇ. ನೀರೂ ತಾ.”

ಗುಳಿಗೆ ಅವನ ಗಂಟಲಿಳಿಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಕೀಲಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಹೊರಡುವಾಗ ಯಜಮಾನರು ನನಗೊಂದು ಪೊಟ್ಟಣ ಮಣೂಕ ಕೊಟ್ಟರು. ನನಗೂ ಶುಗರ್ ಇದೆಯೆಂದು ಹೇಳಲಿಲ್ಲ. ಹೇಳಿದ್ದರೆ ಎರಡು ಪೊಟ್ಟಣ ಕೊಡುತ್ತಿದ್ದರು.