ಬೀರುವಿನೊಳಗಿನ ಮಿಕ್ಸರ್

ಕುಮಟೆಯ ಆ ತರಬೇತಿ ಕೇಂದ್ರದ ನೆನಪಾದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ಟಿವಿ ವಾಹಿನಿಯೊಂದರ ಧ್ವನಿ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದ್ದೆ. ಪ್ರಸಾರದ ಕ್ಯಾಮೆರಾ, ಮೈಕು, ಮೈಕುಗಳ ದನಿ ಬೆರೆಸಿ ಹದ ಮಾಡುವ ಮಿಕ್ಸರ್ ನಡೆಸುವುದನ್ನು ಹನ್ನೆರಡು ಜನರಿಗೆ ಮೂರು ತಿಂಗಳಲ್ಲಿ ಕಲಿಸಬೇಕೆಂದು ಕರೆದರು. ಅನುದಾನದಲ್ಲಿ ಬಂದ ಯಂತ್ರಗಳು ಬಲು ಚೆನ್ನಾಗಿದ್ದವು. ಅಂಥ ಮಿಕ್ಸರ್ ನಮ್ಮ ವಾಹಿನಿಯಲ್ಲೂ ಇರಲಿಲ್ಲ. ಆದರೆ ಎಲ್ಲವೂ ಇದ್ದದ್ದು ಬೀರುವಿನೊಳಗೆ, ಬೀಗದ ಕೈ ಇದ್ದದ್ದು ಮ್ಯಾನೇಜರನ ಕಿಸೆಯಲ್ಲಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಉಪ್ಪುಗಾಳಿ ತಾಗಿದರೆ ಹಾಳಾಗುತ್ತದೆ, ತಪಾಸಣೆಗೆ ಬಂದವರಿಗೆ ಹೊಸದಾಗಿಯೇ ಕಾಣಬೇಕು ಎಂಬುದು ಅವನ ವಾದ. ಕ್ಯಾಮೆರಾದ ಪರದೆಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನೂ ಕೀಳಲು ಬಿಡಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಬೀರುವಿನೊಳಗೇ ಲೆನ್ಸಿಗೆ ಬೂಷ್ಟು ಹಿಡಿದಿತ್ತು. ಅದನ್ನು ತೋರಿಸಿದರೆ, ಅಂಗಿಯ ತುದಿಯಿಂದ ಒರೆಸಿ ಮತ್ತೆ ಒಳಗಿಟ್ಟ.

ಕೊನೆಗೆ ನಾನೇ ಒಂದು ರಟ್ಟಿನ ಮೇಲೆ ಮಿಕ್ಸರಿನ ಚಿತ್ರ ಬರೆದೆ. ದನಿ ಏರಿಸಿ ಇಳಿಸುವ ಗುಂಡಿಗಳ ಜಾಗದಲ್ಲಿ ಬಾಟಲಿ ಮುಚ್ಚಳ ಇಟ್ಟೆ. ಪಕ್ಕದಲ್ಲಿ ದನಿಯ ಮಟ್ಟ ತೋರಿಸುವ ದೀಪಗಳಿಗೆ ಸ್ಕೆಚ್ ಪೆನ್ನಿನಿಂದ ಹಸಿರು, ಹಳದಿ, ಕೆಂಪು ಬಣ್ಣ ತುಂಬಿದೆ. ದೊಡ್ಡವರೆಲ್ಲ ಬೆಂಚಿನ ಮೇಲೆ ಕೂತು ಮುಚ್ಚಳ ಜಾರಿಸುವುದನ್ನು ನೋಡುವಾಗ ನಾಚಿಕೆಯಾಗುತ್ತಿತ್ತು.

ಅವರಲ್ಲಿ ಒಬ್ಬಳು ದಿನಾ ಹೊನ್ನಾವರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಗಂಡ ಭಟ್ಕಳದ ಬೋಟಿನಲ್ಲಿ ಕೆಲಸಕ್ಕಿದ್ದ, ಇವಳು ಒಣಮೀನು ಮಾರುತ್ತಿದ್ದವಳು. ಇಂಜಿನಿನ ಸದ್ದು ಕೇಳಿಯೇ ಯಾರ ಬೋಟು ಬಂತೆಂದು ಹೇಳುವಷ್ಟು ಚುರುಕು ಕಿವಿ. ಸರ್ಟಿಫಿಕೇಟು ತಂದರೆ ಧ್ವನಿಯ ಕೆಲಸ ಕೊಡುವುದಾಗಿ ಊರಿನ ಕೇಬಲ್ ಚಾನೆಲ್ಲಿನ ಮಾಲಿಕ ಅವಳಿಗೆ ಮಾತು ಕೊಟ್ಟಿದ್ದ. ಅವಳು ಆ ಮಾತನ್ನೇ ನಂಬಿ ಬುಟ್ಟಿ ಕೆಳಗಿಟ್ಟಿದ್ದಳು.

ಪರೀಕ್ಷೆಯ ದಿನ ಬೀರು ತೆರೆಯಿತು. ಬಂದ ಪರೀಕ್ಷಕ ಮೊದಲು ಕಾಣೆ ಮೀನಿನ ಊಟ ಮುಗಿಸಿದ. ಸರಿಯಾಗಿ ತೊಳೆಯದ ಎಣ್ಣೆಗೈಯನ್ನು ಮಿಕ್ಸರಿನ ಮೇಲೇ ಊರಿಕೊಂಡು ನಿಂತ. ಮೂರು ತಿಂಗಳಲ್ಲಿ ಅದನ್ನು ಮುಟ್ಟಿದ ಮೊದಲ ಕೈ ಅದು. ಒಬ್ಬೊಬ್ಬರ ಕಿವಿಗೂ ಹೆಡ್‌ಫೋನ್ ಹಾಕಿಸಿ ಫೋಟೋ ತೆಗೆಸಿದ. ಹೆಡ್‌ಫೋನಿನ ವೈರು ಯಾವುದಕ್ಕೂ ಜೋಡಿಸಿರಲಿಲ್ಲ. ಹನ್ನೆರಡು ಜನವೂ ಪಾಸು. ತರಬೇತಿ ಕೊಟ್ಟವನ ಸಹಿ ಬೇಕೆಂದಾಗ ನಾನೂ ಹಾಕಿದೆ. ಅವಳ ಕೆಲಸ ಕೈತಪ್ಪಬಾರದಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಹೇಸಿಗೆಯಲ್ಲಿ ನನ್ನ ಪಾಲೂ ಅಲ್ಲಿಂದಲೇ ಶುರು.

ಮುಂದಿನ ಭಾನುವಾರ ಮಧ್ಯಾಹ್ನ ಹೊನ್ನಾವರದ ಸಭಾಭವನದಲ್ಲಿ ತಾಳಮದ್ದಳೆ. ಚಾನೆಲ್ಲಿನಲ್ಲಿ ನೇರ ಪ್ರಸಾರ, ಧ್ವನಿಗೆ ಅವಳು. ನಾನು ಮನೆಯಲ್ಲಿ ಫೋನಿನಲ್ಲೇ ಅದನ್ನು ನೋಡುತ್ತ ಕೂತಿದ್ದೆ. ಭಾಗವತರ ಪದ ಚೆನ್ನಾಗಿಯೇ ಬಂತು. ಚಂಡೆ ಬಿದ್ದದ್ದೇ ತಡ, ತಗಡು ಹರಿದಂತೆ ದನಿ ಒಡೆಯಿತು. ಅರ್ಧ ಗಂಟೆ ಹಾಗೆಯೇ ಒಡೆಯುತ್ತಿತ್ತು. ಕೇಳುವವರು ಮಾಲಿಕನಿಗೆ ಫೋನು ಮಾಡಿ ಉಗಿದರಂತೆ.

ಮರುದಿನ ಬೆಳಿಗ್ಗೆಯೇ ಅವಳು ಕೇಂದ್ರಕ್ಕೆ ಬಂದಳು. ಹೊಸ ಬ್ಯಾಚಿನ ಸಿದ್ಧತೆಗೆಂದು ನಾನು ಅಲ್ಲೇ ಇದ್ದೆ. ಕೆಂಪು ದೀಪ ಉರಿಯುತ್ತಿರಲಿಲ್ಲವೇ ಎಂದು ಕೇಳಿದೆ.

"ಉರೀತಿತ್ತು ಸರ್. ಎದುರಿಗೇ ಚಂಡೆ ಬಡೀತಿದ್ರು, ದನಿ ಒಡ್ದದ್ದು ನಂಗೆ ಕೇಳ್ಲಿಲ್ಲ. ನೀವು ಬರೆದ ಚಿತ್ರದಲ್ಲೂ ಎಲ್ಲಾ ಬಣ್ಣ ಹಂಗೇ ಇತ್ತಲ್ಲ. ಸರಿ ಉಂಟು ಅಂದ್ಕಂಡೆ."

ಕೆಂಪು ಹತ್ತಿದರೆ ದನಿ ಮಿತಿ ಮೀರಿದೆ, ಇಳಿಸಬೇಕು ಎಂದು ನಾನು ನೂರು ಸಲ ಬಾಯಲ್ಲಿ ಹೇಳಿದ್ದೆ. ಆದರೆ ಆರಿದ ದೀಪ ಹೇಗಿರುತ್ತದೆಂದು ಅವಳು ಒಮ್ಮೆಯೂ ಕಂಡಿರಲಿಲ್ಲ. ಅವಳಿಗೆ ತಪ್ಪನ್ನೇ ಸರಿಯೆಂದು ಬಣ್ಣ ಹಾಕಿ ತೋರಿಸಿದವನು ನಾನು. ಅವಳ ಮೇಲೆ ಬರಬೇಕಿದ್ದ ಸಿಟ್ಟೆಲ್ಲ ನನ್ನ ಮೇಲೆಯೇ ಬಂತು.

ಮಾಲಿಕ ಇನ್ನೊಂದೇ ಅವಕಾಶ ಕೊಟ್ಟಿದ್ದನಂತೆ, ಬರುವ ಭಾನುವಾರ. ಚಾನೆಲ್ಲಿನ ಮಿಕ್ಸರು ಬಾಡಿಗೆಯದು, ಪ್ರಸಾರದ ದಿನವೇ ಬರುವುದು. ಅಷ್ಟರೊಳಗೆ ಒಂದು ದಿನವಾದರೂ ನಿಜವಾದ ಮಿಕ್ಸರಿನ ಮೇಲೆ ಕೈಯಾಡಿಸಲು ಬಿಡಿ ಎಂದು ಕೇಳಲು ಬಂದಿದ್ದಳು. ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿ ಮ್ಯಾನೇಜರನ ಹತ್ತಿರ ಹೋದೆ. ಬೇಡಿಕೊಂಡೆ ಅಂತಲೇ ಹೇಳಬೇಕು. ಅವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಪಾಸಾದವ್ರಿಗೆ ಮತ್ತೆ ಎಂತ ತರಬೇತಿ ಮಾಸ್ತರೇ? ಅವಳ ಹೆಸರು ಮುಗ್ದು ಹೋಯ್ತು. ಇನ್ನು ಮಿಕ್ಸರು ಹೊಸ ಬ್ಯಾಚಿನವ್ರಿಗೇ ಸೈ."

ಹೊಸ ಬ್ಯಾಚಿನವರಿಗೂ ಅವನು ಕೊಡುವುದಿಲ್ಲವೆಂದು ನನಗೆ ಗೊತ್ತು. ಅವನ ಮುಖಕ್ಕೆ ಉಗಿಯಬೇಕೆನಿಸಿತು, ಉಗಿಯಲಿಲ್ಲ. ಹೊರಗೆ ಬಂದು ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಾಸಾಗಿದ್ದೀಯಲ್ಲ ತಂಗಿ, ಅದಕ್ಕೇ ಬಿಡುವುದಿಲ್ಲವಂತೆ.

ಅವಳು ಚೀಲದಿಂದ ಸರ್ಟಿಫಿಕೇಟು ತೆಗೆದು, ನನ್ನ ಸಹಿ ಇದ್ದ ಮಗ್ಗುಲು ಮೇಲೆ ಮಾಡಿ, ನನ್ನ ಮುಂದೆ ಹಿಡಿದಳು.

"ಹಂಗಾರೆ ನನ್ನ ಫೇಲ್ ಮಾಡಿ ಸರ್."