ನೀರು ಕುಡಿಯುವ ಬಟ್ಟೆ

ಕಾಗದದ ಮೇಲೆ ಬರೆಯುವವರಿಗೆ ಕಾಗದ ಹೇಗೆ ಆಗುತ್ತದೆ ಎಂದು ಗೊತ್ತಿರಬೇಕಾಗಿಲ್ಲ. ನನಗೆ ಗೊತ್ತಿದೆ. ಅದೂ ನೋಡಿ ಅಲ್ಲ, ಕೇಳಿ ಕೇಳಿ. ನಮ್ಮ ಮನೆಯವರು ಹೊಳೆಯಾಚೆಗಿದ್ದ ಒಂದು ಕಾಗದದ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದವರು. ಊರಿಗೆ ಬಂದಾಗಲೆಲ್ಲ ಅದೇ ಪುರಾಣ. ಬಿದಿರನ್ನು ಬೇಯಿಸಿ, ಅರೆದು, ಅಂಬಲಿಗಿಂತ ನೀರಾಗಿ ಮಾಡಿ ಯಂತ್ರಕ್ಕೆ ಬಿಡುತ್ತಾರಂತೆ. ಅದು ಒಂದು ಸಣ್ಣ ಜಾಲರಿಯ ಮೇಲೆ ಹಾಳೆಯಾಗಿ ಕೂರುತ್ತದಂತೆ. ಆದರೆ ಆ ಹಸಿ ಹಾಳೆಗೆ ತ್ರಾಣವಿಲ್ಲ, ಮುಟ್ಟಿದರೆ ಹರಿಯುತ್ತದೆ. ಅದನ್ನು ಹೊತ್ತು ಸಾಗಿಸಲು ಉಣ್ಣೆಯಲ್ಲಿ ನೇಯ್ದ ದಪ್ಪ ಬಟ್ಟೆಯೊಂದು ಬೇಕು. ಮೊದಲಿಲ್ಲ, ಕೊನೆಯಿಲ್ಲ, ಬಳೆಯ ಹಾಗೆ ಸುತ್ತುತ್ತಲೇ ಇರುವ ಬಟ್ಟೆ. ಹಾಳೆಯನ್ನು ಬೆನ್ನಿಗೆ ಹಾಕಿಕೊಂಡು ಎರಡು ಉರುಳೆಗಳ ಸಂದಿಯಲ್ಲಿ ಅದು ನುಗ್ಗುತ್ತದೆ. ಉರುಳೆಗಳು ಹಿಂಡುತ್ತವೆ, ಹಾಳೆಯಲ್ಲಿದ್ದ ನೀರನ್ನು ಬಟ್ಟೆ ಕುಡಿಯುತ್ತದೆ. ಅದಕ್ಕೆ ಕಾರ್ಖಾನೆಯವರು ಫೆಲ್ಟ್ ಅನ್ನುತ್ತಿದ್ದರು. ನಮ್ಮ ಬಾಯಲ್ಲಿ ಅದು ಪೆಲ್ಟು.

ಆ ಪೆಲ್ಟು ತೊಳೆಯುವುದು ನಮ್ಮ ಮನೆಯವರ ಕೆಲಸ. ಒಂದು ದಿನ ತೊಳೆಯುವಾಗ ಅದು ಅವರ ಬಲಗೈಯನ್ನೂ ಉರುಳೆಯ ಸಂದಿಗೆ ಎಳೆದುಕೊಂಡಿತು. ಮೂರು ಬೆರಳು ಹೋದವು, ಉಳಿದ ಎರಡನ್ನು ಮಡಚಲು ಬರುತ್ತಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮಲ್ಲಿ ಕೈಯೇ ಹೋಯಿತು, ಮೊಸರು ಮಾತ್ರ ಬರಲಿಲ್ಲ. ನಮ್ಮೂರು ಗೋವಿನಕೋವಿಗೆ ವಾಪಸು ಬಂದು ಜಗಲಿಯ ಮೇಲೆ ಕೂತರು. ಅವರ ಮೇಸ್ತ್ರಿ ಮನುಷ್ಯತ್ವ ಇದ್ದವನು. ಸವೆದುಹೋದ ಪೆಲ್ಟುಗಳನ್ನು ಕತ್ತರಿಸಿ ಮೂಲೆಗೆ ಒಗೆಯುತ್ತಾರೆ, ತಗೊಂಡು ಹೋಗಿ ಮಾರಿಕೊಳ್ಳಿ ಎಂದ. ಹೀಗೆ, ಬಾಗಿಲಾಚೆ ನಾಲ್ಕು ಜನರೆದುರು ಗಟ್ಟಿಯಾಗಿ ಮಾತಾಡದಿದ್ದ ನಾನು ಸಂತೆಯ ವ್ಯಾಪಾರದವಳಾದೆ.

ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು. ಒಂದೊಂದು ವಾರ ಒಂದೊಂದು ಸಂತೆ. ಬರೆಯುವಾಗ ನಾಲ್ಕೇ ಮಾತು, ನಡೆಯುವಾಗ ಅಲ್ಲ. ಪೆಲ್ಟನ್ನು ಹೊದೆಯುವಷ್ಟಗಲಕ್ಕೆ ಕತ್ತರಿಸಿ, ಸೋಪಿನಕಾಯಿ ನೀರಲ್ಲಿ ತುಳಿದು ತುಳಿದು ತೊಳೆಯಬೇಕು. ಆ ಕಾರ್ಖಾನೆಯ ವಾಸನೆ ಬಿಡುವುದಕ್ಕೇ ಮೂರು ನೀರು ಬೇಕು. ಒಂದು ತುಂಡು ಒಣಗಲು ಎರಡು ದಿನ, ಮೋಡವಿದ್ದರೆ ನಾಲ್ಕು ದಿನ. ಆಮೇಲೆ ಗಂಟು ಕಟ್ಟಿ ತಲೆಯ ಮೇಲೆ. ಆಗ ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಗೌರವದ ಮಾತು. ಸಣ್ಣ ಏರು ಬಂದರೂ ಎಲ್ಲರೂ ಇಳಿದು ನೂಕಬೇಕು. ದುಡ್ಡು ಕೊಟ್ಟು ಹತ್ತಿ, ಇಳಿದು ನೂಕಿ, ಮತ್ತೆ ಹತ್ತಿ, ಕಂಡಕ್ಟರನ ಕೈಲಿ ಗಂಟಿನ ವಿಷಯಕ್ಕೆ ಬೈಸಿಕೊಂಡು ಊರು ಸೇರಬೇಕು. ನನ್ನ ಕುತ್ತಿಗೆ ಆಗ ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ.

ಜಗಳೂರು ಎಲ್ಲಕ್ಕಿಂತ ದೂರ, ಆದರೆ ವ್ಯಾಪಾರ ಆಗುತ್ತಿದ್ದದ್ದೂ ಅಲ್ಲೇ. ಆ ಕಡೆ ಬಯಲು, ಚಳಿಗಾಲದ ಗಾಳಿ ಮೂಳೆಗೆ ಇಳಿಯುತ್ತದೆ. ಮನೆಮನೆಯಲ್ಲಿ ಕುರಿ, ಮನೆಮನೆಯಲ್ಲಿ ಕಂಬಳಿಯ ಮಗ್ಗ. ಅಂಥಲ್ಲಿ ನನ್ನ ಹಳೇ ಬಟ್ಟೆ ಯಾರು ಕೊಳ್ಳುತ್ತಾರೆ ಅನ್ನಬೇಡಿ. ನೇಯ್ದ ಕಂಬಳಿಯನ್ನೆಲ್ಲ ಸೈನ್ಯಕ್ಕೆಂದು ಗುತ್ತಿಗೆದಾರರು ಬಾಚಿಕೊಂಡು ಹೋಗುತ್ತಿದ್ದರು. ನೇಯ್ದವರ ಮನೆಯಲ್ಲೇ ಹೊದೆಯಲು ಇರುತ್ತಿರಲಿಲ್ಲ.

ಅಲ್ಲಿಯವರಿಗೆ ಉಣ್ಣೆಯ ವಿಷಯದಲ್ಲಿ ಮೋಸ ಮಾಡಲು ಬ್ರಹ್ಮನಿಂದಲೂ ಆಗದು. ಅಂಚಿನಿಂದ ಒಂದು ಎಳೆ ಕಿತ್ತು, ಬೀಡಿಯ ಕೆಂಡಕ್ಕೆ ಹಿಡಿದು, ಮೂಗಿಗೆ ತರುತ್ತಿದ್ದರು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. "ಉಣ್ಣೇನೇ ಐತೆ" ಎಂದು ತಲೆಯಾಡಿಸುತ್ತಿದ್ದರು. ಅವರು ಎಡವುತ್ತಿದ್ದದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಹುಟ್ಟಿದಾಗಿನಿಂದ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಂತ ಜನ ಅವರು. ಉಣ್ಣೆ ಅಂದಮೇಲೆ ನೀರು ಮೇಲಿಂದ ಜಾರಿ ಹೋಗಲೇಬೇಕು ಎಂಬುದು ಅವರ ಲೆಕ್ಕ. ನೀರು ಕುಡಿಯಲೆಂದೇ ಯಾರಾದರೂ ಉಣ್ಣೆ ನೇಯುತ್ತಾರೆ ಎಂದು ಅವರಿಗೆ ಕನಸಿನಲ್ಲೂ ಹೊಳೆಯುವಂತಿರಲಿಲ್ಲ.

ಅದಕ್ಕೇ ನಾನು ಮೊದಲಿನಿಂದ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೆ. ಯಾರು ಮುಟ್ಟಿ ನೋಡಿದರೂ ಹೇಳುತ್ತಿದ್ದೆ: "ಹಾಸಾಕೆ ಆಗ್ತೈತೆ, ಹೊದಿಯಾಕೆ ಆಗ್ತೈತೆ, ಬಾಣಂತಿಗೆ, ಮಗೀಗೆ ಆಗ್ತೈತೆ. ಮಳೆಗೆ ಮಾತ್ರ ಬ್ಯಾಡ್ರಿ, ಇದು ನೀರು ಕುಡೀತೈತೆ." ಅದು ಹೆಂಗೆ ಎಂದು ಅವರು ಕೇಳುತ್ತಿದ್ದರು. ಆಗ ಬಿದಿರಿನಿಂದ ಶುರು ಮಾಡಿ ಉರುಳೆಯವರೆಗೆ ಹೇಳಬೇಕು. ಎರಡು ವರ್ಷ ಹೇಳಿದೆ. ಗಂಟಲು ಒಣಗುತ್ತಿತ್ತು, ಗಿರಾಕಿ ಆಕಳಿಸುತ್ತಿದ್ದ, ಆದರೂ ಹೇಳಿದೆ.

ಮೂರನೆಯ ವರ್ಷದ ಕಾರ್ತಿಕದ ಹೊತ್ತಿಗೆ ನಾನು ದಣಿದುಹೋಗಿದ್ದೆ. ಹಡಗಿನಲ್ಲಿ ಬರಬೇಕಾದ ಹೊಸ ಪೆಲ್ಟುಗಳು ಬರದೆ, ಕಾರ್ಖಾನೆಯವರು ಹಳೆಯದನ್ನೇ ಜೀವ ಹೋಗುವ ತನಕ ಓಡಿಸುತ್ತಿದ್ದರು. ನನಗೆ ಸಿಗುತ್ತಿದ್ದದ್ದು ಜಾಳುಜಾಳು. ಅದರಲ್ಲಿ ಒಂದೇ ಒಂದು ದಪ್ಪ ತುಂಡು, ಅಂಚಿನ ಕಡೆಯದು, ಅಡ್ಡಕ್ಕೆ ನೀಲಿ ಗೆರೆ ಇದ್ದದ್ದು. ಬಟ್ಟೆ ಯಂತ್ರದಲ್ಲಿ ಸೊಟ್ಟಗೆ ಓಡುತ್ತಿದೆಯೋ ನೆಟ್ಟಗೆ ಓಡುತ್ತಿದೆಯೋ ನೋಡಲು ಆ ಗೆರೆ ಹಾಕಿರುತ್ತಾರೆ. ಜಗಳೂರಿನ ಸಂತೆಯಲ್ಲಿ ಹೊತ್ತು ಇಳಿಯುವಾಗ ಉಳಿದದ್ದು ಆ ಒಂದು ತುಂಡು. ಬಸ್ಸಿನವನು ಇದ್ದಿಲಿಗೆ ಗಾಳಿ ಹಾಕುವ ಚಕ್ರ ತಿರುಗಿಸಲು ಶುರು ಮಾಡಿದ್ದ.

ಆಗ ಒಬ್ಬ ಹೆಂಗಸು ಬಂದು ಕೂತಳು. ನನ್ನದೇ ವಯಸ್ಸು, ಅಲ್ಲೇ ಹತ್ತಿರದ ಬಿಳಿಚೋಡು ಎಂಬ ಊರಿನವಳಂತೆ. ಎಳೆ ಕಿತ್ತು ಸುಡಲಿಲ್ಲ, ಬೆರಳಲ್ಲಿ ಹೊಸೆದೇ ತಿಳಿದುಕೊಂಡಳು.

"ಇದು ಮಳೆಗೆ ತಡೀತೈತಾ?" ಎಂದಳು. "ನಮ್ಮ ಯಜಮಾನ್ರು ಕುರಿ ಹೊಡ್ಕಂಡು ಹೊಳೆ ಕಡೆ ಹೊಂಟಾರೆ. ಇದ್ದ ಕಂಬಳಿ ಹರಿದು ಚಿಂದಿ ಆಗೈತೆ."

ನನಗೆ ಎಲ್ಲ ಗೊತ್ತಿತ್ತು. ಯಾರಿಗೆ ಕೊಳ್ಳುತ್ತಿದ್ದಾಳೆ, ಯಾಕೆ ಕೊಳ್ಳುತ್ತಿದ್ದಾಳೆ, ಬಟ್ಟೆಯ ಗುಣವೇನು, ಎಲ್ಲವೂ. ದುರಾಸೆಯಿಂದ ಸುಳ್ಳಾಡಿದೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮತ್ತೆ ಬಿದಿರಿನಿಂದ ಶುರು ಮಾಡಲು ನನ್ನಲ್ಲಿ ಉಸಿರಿರಲಿಲ್ಲ. ಆ ತುಂಡನ್ನು ಮತ್ತೆ ತಲೆಯ ಮೇಲೆ ಹೊರಲು ಕುತ್ತಿಗೆ ಇರಲಿಲ್ಲ.

"ತಡೀತೈತೆ" ಎಂದೆ.

ಅಷ್ಟೇ. ಅವಳು ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ನಾನು ಓಡಿ ಬಸ್ಸು ಹತ್ತಿದೆ. ದಾರಿಯಲ್ಲಿ ಎರಡು ಸಲ ಇಳಿದು ನೂಕಿದೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನೆನಪಾಯಿತು. ಆದರೆ ಇನ್ನು ಮಳೆಗಾಲ ಎಲ್ಲಿ ಬಂತು, ಆರು ತಿಂಗಳಿದೆ ಎಂದುಕೊಂಡು ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದೆ.

ಹೊಳೆ ದಂಡೆಯ ನಮ್ಮ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ಬಯಲುಸೀಮೆಯ ಕುರಿಗಳು ಬರುತ್ತವೆ. ಗದ್ದೆಯವರು ಗೊಬ್ಬರಕ್ಕೆಂದು ಹಿಂಡನ್ನು ಕೆಲವು ದಿನ ಗದ್ದೆಯಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ, ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕವಿಯಿತು. ಎರಡು ದಿನ ಬಿಡದ ಜಡಿಮಳೆ, ಜೊತೆಗೆ ಗಾಳಿ. ಎರಡನೆಯ ದಿನ ಮಧ್ಯಾಹ್ನ ನಾನು ಒಲೆಯ ಮುಂದೆ ಪೆಲ್ಟಿನ ತುಂಡು ಒಣಗಿಸುತ್ತಿದ್ದೆ. ಬಾಗಿಲ ಹತ್ತಿರ ಯಾರೋ ಕೆಮ್ಮಿದರು.

"ತಾಯಿ, ಒಂದೀಟು ಬೆಂಕಿ ಕೊಡ್ರಿ. ಮರಿ ಬದುಕಂಗಿಲ್ಲ."

ನಡುವಯಸ್ಸು ದಾಟಿದ ಕುರಿಗಾಹಿ. ತಲೆಯಿಂದ ಮೊಣಕಾಲಿನವರೆಗೆ ಒಂದು ದಪ್ಪ ಬಟ್ಟೆಯನ್ನು ಕೊಪ್ಪೆ ಹಾಕಿಕೊಂಡಿದ್ದ. ಅದರಿಂದ ನೀರು ತೊಟ್ಟಿಕ್ಕುತ್ತಿರಲಿಲ್ಲ, ಸುರಿಯುತ್ತಿತ್ತು. ಅದನ್ನು ಜಗಲಿಯ ಮೇಲೆ ಮೆಲ್ಲಗೆ ಇಳಿಸಿದರೂ ನೆನೆದ ಗೋಣಿಚೀಲ ಇಟ್ಟ ಸದ್ದಾಯಿತು. ಒಳಮಡಿಕೆಯಲ್ಲಿ ಮೂರು ಮರಿಗಳಿದ್ದವು, ಹಿಂದಿನ ದಿನ ಹುಟ್ಟಿದವು. ನಾನು ಮರಿಗಳನ್ನು ಎತ್ತಿಕೊಳ್ಳಲು ಬಗ್ಗಿದೆ. ಬಟ್ಟೆಯ ಅಡ್ಡಕ್ಕೆ ನೀಲಿ ಗೆರೆ ಕಂಡಿತು.

ನಮ್ಮ ಮನೆಯವರು ಜಗಲಿಯ ಮೂಲೆಯಲ್ಲಿ ಕೂತಿದ್ದರು. ಅವರೂ ಗೆರೆ ನೋಡಿದರು.

ಮರಿಗಳನ್ನು ಒಲೆಯ ಹತ್ತಿರ ಹುಲ್ಲಿನ ಮೇಲೆ ಮಲಗಿಸಿ ಉಜ್ಜಲು ಕೂತೆವು. ಕುರಿಗಾಹಿ ಒಂದನ್ನು, ನಾನು ಒಂದನ್ನು, ನಮ್ಮ ಮನೆಯವರು ಎಡಗೈಯಲ್ಲಿ ಒಂದನ್ನು. ಮೈಯೆಲ್ಲ ತಣ್ಣಗೆ, ಬಾಯಲ್ಲಿ ಬೆರಳಿಟ್ಟರೆ ಬಾಯೂ ತಣ್ಣಗೆ. ಬೆಲ್ಲದ ನೀರು ಬಿಸಿ ಮಾಡಿ ಹತ್ತಿಯಲ್ಲಿ ಅದ್ದಿ ಹಿಂಡಿದೆ. ನುಂಗಿದ್ದು ಒಂದೇ ಮರಿ. ಉಳಿದೆರಡು ಬಾಯಿಯ ಪಕ್ಕದಿಂದ ಬಿಟ್ಟವು.

"ಅದೇನು ಬಟ್ಟೆನೋ" ಎಂದ ಕುರಿಗಾಹಿ, ಉಜ್ಜುತ್ತಲೇ. "ನಮ್ಮಾಕಿ ಸಂತ್ಯಾಗೆ ತಂದ್ಲು. ಉಣ್ಣೆ ಹೌದು, ನಾನೂ ನೋಡೀನಿ. ಮಳೆ ಬಂದ್ರೆ ಕಂಬಳಿ ಹೊರಗೆ ತೊಯ್ತೈತೆ, ಒಳಗೆ ಬೆಚ್ಚಗಿರ್ತೈತೆ. ಇದು ಇಡೀ ಮಳೇನ ಒಳಗೆ ಕರ್ಕೊಂಡ್ಬಂತು. ಮರಿನ ನಾನೇ ನೀರಾಗೆ ಹಿಡ್ಕಂಡಂಗೆ ಆತು."

ನಮ್ಮ ಮನೆಯವರು ನೆಲ ನೋಡುತ್ತ ಹೇಳಿದರು: "ಅದು ಕಾಗದ ಮಾಡೋ ಯಂತ್ರದ್ದು, ಅಣ್ಣ. ನೀರು ಕುಡಿಯಾಕಂತ್ಲೇ ನೇಯ್ದಿರೋದು."

"ಹೌದಾ?" ಕುರಿಗಾಹಿ ಮರಿಯನ್ನು ಮಗ್ಗುಲು ತಿರುಗಿಸಿದ. "ಹಂಗಾದ್ರೆ ಮಾರಿದಾಕಿಗೂ ಗೊತ್ತಿರಾಕಿಲ್ಲ ಬಿಡ್ರಿ. ಪಾಪ, ಯಾರೋ ಹೇಳಿದ್ದನ್ನ ನಂಬಿ ಮಾರಿರ್ತಾಳೆ."

ಬೈದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೋ ಏನೋ. ಆ 'ಪಾಪ' ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಗೊತ್ತಿತ್ತು" ಎಂದೆ. "ಮಾರಿದಾಕಿ ನಾನೇ. ತಡೀತೈತೆ ಅಂತ ನಾನೇ ಹೇಳಿದ್ದು."

ಕುರಿಗಾಹಿ ಉಜ್ಜುವುದನ್ನು ನಿಲ್ಲಿಸಲಿಲ್ಲ. ಅವನ ಕೈಯಲ್ಲಿದ್ದ ಮರಿ ಆಗಲೇ ಸತ್ತಿತ್ತು, ಅದು ಅವನಿಗೂ ಗೊತ್ತಿತ್ತು.

"ಗೊತ್ತಿದ್ದೂ ಯಾಕೆ ಹೇಳಿದೆ ತಂಗಿ?"

ಕಾರಣಗಳಿದ್ದವು: ಬಸ್ಸು, ಕುತ್ತಿಗೆ, ಬಿದಿರು, ಎರಡು ವರ್ಷ. "ಸುಸ್ತಾಗಿತ್ತು ಅಣ್ಣಯ್ಯ" ಎಂದೆ. ನಿಜವಾದದ್ದು ಅಷ್ಟೇ, ಆದರೆ ಬಾಯಿಂದ ಹೊರಗೆ ಬಂದಾಗ ಅದಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ.

ಅವನು ಮರಿಯನ್ನು ಕೆಳಗಿಟ್ಟ. "ನಂಗೂ ಸುಸ್ತಾಗೈತೆ" ಎಂದ. "ಎರಡು ದಿನ ಆತು ಕಣ್ಣು ಮುಚ್ಚಿ. ಮುಚ್ಚಿದ್ರೆ ಇವ್ನ ಯಾರು ನೋಡ್ತಾರೆ?"

ದನಿ ಏರಿಸಲಿಲ್ಲ. ನನಗೆ ಅಳು ಬಂತು, ಅಳಲು ನಾಚಿಕೆಯೂ ಬಂತು. ಸತ್ತದ್ದು ಅವನ ಮರಿಗಳು, ಅಳುವುದಕ್ಕೆ ನಾನು ಯಾರು?

ಹೊತ್ತು ಇಳಿಯುವುದರೊಳಗೆ ಎರಡನೆಯದೂ ಹೋಯಿತು. ಬೆಲ್ಲದ ನೀರು ನುಂಗಿದ್ದ ಮರಿ ಮಾತ್ರ ಕಾಲು ಊರಿ ನಿಲ್ಲಲು ನೋಡಿ, ಬಿದ್ದು, ಮತ್ತೆ ನೋಡಿತು. ಮಳೆ ಇನ್ನೂ ನಿಂತಿರಲಿಲ್ಲ. ಹಿಂಡಿನ ಹತ್ತಿರ ಅವನ ತಮ್ಮ ಒಬ್ಬನೇ ಇದ್ದ, ಕುರಿಗಾಹಿ ಹೊರಡಲೇಬೇಕಾಗಿತ್ತು. ನಮ್ಮ ಮನೆಯಲ್ಲಿ ಒಂದೇ ಕಂಬಳಿ, ನನ್ನ ತವರಿನದು. ಚಳಿಗೆ ನಮ್ಮ ಮನೆಯವರ ಕೈ ಮೊಂಡು ಸೆಳೆಯುತ್ತಿತ್ತು, ಅದನ್ನು ಸುತ್ತಿಕೊಂಡೇ ಮಲಗುತ್ತಿದ್ದರು. ನಾನು ಅವರ ಕಡೆ ನೋಡಿದೆ. ಅವರು ಕೂತಲ್ಲಿಂದಲೇ ಅದನ್ನು ಎಳೆದು ಮುಂದೆ ನೂಕಿದರು.

"ಬ್ಯಾಡ ಅನ್ನಾಕೆ ನಂಗೆ ಗತಿ ಇಲ್ಲ" ಎಂದ ಕುರಿಗಾಹಿ. ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು, ಮರಿಯನ್ನು ಎದೆಗೆ ಇಟ್ಟುಕೊಂಡು, ಗದ್ದೆಯ ಕಡೆ ಹೋದ. ಪೆಲ್ಟು ಜಗಲಿಯ ಮೇಲೇ ಉಳಿಯಿತು. ಅದು ಒಣಗಲು ಐದು ದಿನ ಬೇಕಾಯಿತು. ನಮ್ಮ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಒಂದು ಸಲ ಬೈದುಬಿಡಿ ಎಂದು ನಾನೇ ಜಗಳ ತೆಗೆದೆ. "ನಂಗೇನು ಗಂಟು ಹೊರಾಕೆ ಬರ್ತೈತಾ, ನಿಂಗೆ ಬೈಯಾಕೆ?" ಎಂದರು.

ಮುಂದಿನ ಚಳಿಗಾಲದಲ್ಲಿ ಜಗಳೂರಿಗೆ ಹೋಗಲು ಕಾಲು ಬರಲಿಲ್ಲ. ಆದರೂ ಹೋಗದೆ ವಿಧಿಯಿರಲಿಲ್ಲ, ಹೋದೆ. ಮೂರನೆಯ ಸಂತೆಗೆ ಅವಳು ಬಂದಳು, ಬಿಳಿಚೋಡಿನ ಹೆಂಗಸು. ನನ್ನ ಎದುರಿಗೆ ಕೂತು, ಕಂಕುಳಿನಿಂದ ನನ್ನ ತವರಿನ ಕಂಬಳಿ ತೆಗೆದು ಪೆಲ್ಟುಗಳ ಮೇಲಿಟ್ಟಳು. ಒಗೆದು, ಬಿಚ್ಚಿದ್ದ ಅಂಚನ್ನು ಹೊಲಿದಿದ್ದಳು.

"ನಮ್ಮ ಯಜಮಾನ್ರು ಕೊಟ್ಟು ಬಾ ಅಂದ್ರು."

ಯಜಮಾನರು ಹೇಗಿದ್ದಾರೆ ಎಂದು ಕೇಳಿದೆ. ಚೆನ್ನಾಗಿದ್ದಾರೆ ಎಂದಳು. ಮರಿ ಎಂದೆ. ಅದು ಈಗ ಕುರಿ ಎಂದಳು. ಆಮೇಲೆ ಕೈ ಚಾಚಿ ಮೇಲಿದ್ದ ಪೆಲ್ಟಿನ ತುಂಡೊಂದನ್ನು ಬೆರಳಲ್ಲಿ ಹೊಸೆದಳು. ಹೋದ ವರ್ಷದ ಹಾಗೆಯೇ.

"ಇದು ಮಳೆಗೆ ತಡೀತೈತಾ?"

ಮುಖ ನೋಡಿದೆ. ತಮಾಷೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಳು. ಆಚೆ ಬಸ್ಸಿನವನು ಚಕ್ರ ತಿರುಗಿಸುತ್ತಿದ್ದ.

"ತಡೆಯಾಕಿಲ್ಲವ್ವ" ಎಂದೆ. "ನೀರು ಕುಡೀತೈತೆ."

ಅವಳು ತಲೆಯಾಡಿಸಿ ಎದ್ದು, ಸೆರಗಿನ ಮಣ್ಣು ಕೊಡವಿಕೊಂಡಳು.

"ಇಷ್ಟು ಹೇಳಾಕೆ ಎಷ್ಟು ಮಹಾ ಹೊತ್ತು ಹಿಡೀತು, ನೋಡು" ಎಂದಳು.