ಅಮ್ಮನಿಗೆ ಹೋದ ಕ್ಯಾಸೆಟ್

ಎಂಬತ್ತರ ದಶಕದಲ್ಲಿ ನಾವು ಗಲ್ಫಿನ ರೂವಿಯಿಂದ ಊರಿಗೆ ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದೆವು. ಒಂದು ಡಿಸೆಂಬರಿನಲ್ಲಿ, ಊರಿಗೆ ಹೊರಟವರೊಬ್ಬರ ಕೈಯಲ್ಲಿ ಕಳಿಸುವ ಅವಸರದಲ್ಲಿ, ಸಿಕ್ಕಿದ ಕ್ಯಾಸೆಟ್ಟಿಗೇ ಮಾತಾಡಿ ಕೊಟ್ಟುಬಿಟ್ಟೆ. ಅದು ನನ್ನ ರೂಮ್‌ಮೇಟ್‌ನದು. ಅವನು ಮಂಗಳೂರಿನ ಕೊಂಕಣಿ ಕ್ರೈಸ್ತ. ಮೂರು ವರ್ಷದಿಂದ ಹಬ್ಬಕ್ಕೆ ರಜೆ ಸಿಕ್ಕಿರಲಿಲ್ಲ. ಅದರಲ್ಲಿದ್ದದ್ದು ಅವನ ಅಪ್ಪ ಪ್ರತಿವರ್ಷ ಹಾಕುತ್ತಿದ್ದ, ಹಳೆಯ ಅಮೆರಿಕನ್ ಗಾಯಕನೊಬ್ಬನ ಕ್ರಿಸ್‌ಮಸ್ ಹಾಡುಗಳು.

“ನಿನಗೆ ಕಣ್ಣು ಕಾಣುವುದಿಲ್ಲವಾ ಮಾರಾಯ?” ಎಂದವನು ಆಮೇಲೆ ಮಾತೇ ಬಿಟ್ಟ. ತಪ್ಪು ನನ್ನದೇ. ಆದರೂ ಕ್ಯಾಸೆಟ್ಟಿನ ಮೇಲೆ ಏನೂ ಬರೆಯದೆ ಇಟ್ಟವನ ಮೇಲೆ ನನಗೂ ಸಿಟ್ಟಿತ್ತು.

ಜನವರಿಯಲ್ಲಿ ಉಡುಪಿಯಿಂದ ಚಕ್ಕುಲಿ ಡಬ್ಬದ ಜೊತೆ ಅಮ್ಮನ ಕ್ಯಾಸೆಟ್ ಬಂತು. ಹಾಕಿದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

“ನಿನ್ನ ಮಾತು ಮುಗಿದ ಮೇಲೆ ಒಬ್ಬ ಇಂಗ್ಲಿಷಿನಲ್ಲಿ ಹಾಡಿದನಲ್ಲ, ನಿನ್ನ ರೂಮಿನವನಾ? ಸ್ವರ ಚೆಂದ ಉಂಟು. ಆದರೆ ಪಾಪ, ಅವನಿಗೆ ಮನೆಯ ನೆನಪಾಗಿದೆ. ಹಬ್ಬಕ್ಕೆ ರಜೆ ಸಿಗಲಿಲ್ಲವಾ? ಚಕ್ಕುಲಿ ಅವನಿಗೂ ಕೊಡು.”

ಅವನು ಎದ್ದು ಬಂದ. ಕ್ಯಾಸೆಟ್ ರಿವೈಂಡ್ ಮಾಡಿ, ಅಷ್ಟನ್ನೇ ಇನ್ನೊಮ್ಮೆ ಕೇಳಿದ.